ಪೋಡಿಗೆ, ಅಂದರೆ ನಮ್ಮ ಸೋಲಿಗರ ಊರಿಗೆ, ಆ್ಯಪ್ ಬಂತು, ನಮ್ಮ ಕಾಫಿ ಹಣ್ಣಿನ ರೇಟು ಮಾತ್ರ ತಿಳಿಯಲಿಲ್ಲ. ಏನು ಮಾಡೋದು?

ಪೋಡಿನ ಮಗಳು:
ನಾನು ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹುಡುಗಿ. ಚಾಮರಾಜನಗರದಲ್ಲಿ ಬಿ.ಕಾಂ. ಮುಗಿಸಿ ಪೋಡಿಗೆ ವಾಪಸ್ ಬಂದು ಎರಡು ವರ್ಷವಾಯ್ತು. ಅಪ್ಪ-ಅವ್ವನ ಹೆಸರಲ್ಲಿ ಒಂದೂವರೆ ಎಕರೆ ಇದೆ, ಅರಣ್ಯ ಹಕ್ಕು ಕಾಯ್ದೆಯ ಹಕ್ಕುಪತ್ರದ ಜಮೀನು. ಅರೇಬಿಕಾ ಕಾಫಿ, ಮರಕ್ಕೆ ಹಬ್ಬಿಸಿದ ಮೆಣಸು, ಮನೆ ಮುಂದೆ ಆನೆ ಬಿಟ್ಟಷ್ಟು ರಾಗಿ.

ಹೋದ ವರ್ಷ ಒಂದು ಸಂಸ್ಥೆಯವರು ಬಂದು ಎಲ್ಲರ ಫೋನಿಗೂ ಕೃಷಿ ಆ್ಯಪ್ ಹಾಕಿಕೊಟ್ಟರು. ಒಳ್ಳೆ ಮನಸ್ಸಿನಿಂದಲೇ ಬಂದಿದ್ದರು, ಅದರಲ್ಲಿ ಅನುಮಾನವಿಲ್ಲ. ಆದರೆ ಊರು ಆರಿಸಿ ಅಂದ ಕಡೆ ಕಂದಾಯ ಗ್ರಾಮಗಳಷ್ಟೇ ಇದ್ದವು, ನಮ್ಮ ಪೋಡಿನ ಹೆಸರೇ ಇಲ್ಲ. ಸರ್ವೆ ನಂಬರ್ ಕೇಳಿತು, ನಮ್ಮ ಹತ್ತಿರ ಹಕ್ಕುಪತ್ರ ಬಿಟ್ಟರೆ ಪಹಣಿ ಇಲ್ಲ. ಬೇರೆ ಊರಿನ ಹೆಸರು ಒತ್ತಿ ಮುಂದೆ ಹೋದರೆ ಓಟಿಪಿ. ಸಿಗ್ನಲ್ ಸಿಗೋದು ತೋಟದ ಮೇಲಿನ ಬಂಡೆಯ ಹತ್ತಿರ ಮಾತ್ರ. ಮೂರು ಸಲ ಹತ್ತಿ ಇಳಿದ ಮೇಲೆ ಆ್ಯಪ್ ತೆರೆಯಿತು.

ಡಿಸೆಂಬರಲ್ಲಿ ರೇಟಿನ ಮೆಸೇಜು ಬಂತು: ಅರೇಬಿಕಾ ಪಾರ್ಚ್‌ಮೆಂಟ್, 50 ಕೆ.ಜಿ. ಚೀಲಕ್ಕೆ ಇಷ್ಟು. ಪಾರ್ಚ್‌ಮೆಂಟ್ ಅಂದರೆ ಹಣ್ಣಿನ ಸಿಪ್ಪೆ ಸುಲಿದು, ತೊಳೆದು ಒಣಗಿಸಿದ ಬೀಜ. ಅಪ್ಪ ಕುಕ್ಕೆ ಕೆಳಗಿಟ್ಟು, ಕೈಯ ಅಂಟು ಪಂಚೆಗೆ ಒರೆಸಿಕೊಂಡು ಕೇಳಿದರು, 'ನಮ್ಮ ಹಣ್ಣಿಗೆ ಕೆ.ಜಿ.ಗೆ ಎಷ್ಟಾಯ್ತವ್ವ?' ನನಗೆ ಹೇಳೋಕಾಗಲಿಲ್ಲ. ಅಷ್ಟರಲ್ಲಿ ವ್ಯಾಪಾರಿಯ ಜೀಪು ಬಂದೇಬಿಟ್ಟಿತು. ಮಳೆಗಾಲದಲ್ಲಿ ಅವ್ವನ ಆಸ್ಪತ್ರೆ ಖರ್ಚಿಗೆ ಅವರಿಂದಲೇ ಮುಂಗಡ ತಗೊಂಡಿದ್ವಿ, ಹಾಗಾಗಿ ಅವರು ಹೇಳಿದ್ದೇ ರೇಟು.

ನೀವು ಕಣ್ಣಾರೆ ಕಂಡಿರೋದು ಹೇಳಿ. ನಮ್ಮಂಥ ಕಡೆ ಫೋನಿಂದ ನಿಜವಾಗಿ ಏನು ಉಪಯೋಗವಾಗಿದೆ?

ಜೋಯಿಡಾ ಕುಣಬಿ:
ನಮ್ಮಲ್ಲಿ ನಡೆದಿದ್ದು ವಾಟ್ಸ್‌ಆ್ಯಪ್ ಧ್ವನಿ ಸಂದೇಶ ಒಂದೇ. ಗೆಡ್ಡೆ-ಗೆಣಸು ಬೆಳೆಯೋ ಅಜ್ಜಿಯರು ಟೈಪ್ ಮಾಡೋದಿಲ್ಲ, ಮಾತಾಡ್ತಾರೆ. ಯಾರ ಮನೇಲಿ ಯಾವ ಗೆಡ್ಡೆ, ಎಷ್ಟು ಕೆ.ಜಿ. ಅಂತ ಮೊಮ್ಮಕ್ಕಳ ಫೋನಲ್ಲಿ ಹೇಳ್ತಾರೆ, ಪಕ್ಕದಲ್ಲಿ ಕತ್ತಿ ಇಟ್ಟು ಫೋಟೋ ಹಾಕ್ತಾರೆ, ಗಾತ್ರ ಗೊತ್ತಾಗ್ಲಿ ಅಂತ. ಒಬ್ಬಳು ಹುಡುಗಿ ಅದನ್ನೆಲ್ಲ ಕೇಳಿ ನೋಟ್‌ಬುಕ್ಕಲ್ಲಿ ಬರಕೊಂಡು ಗಿರಾಕಿಗಳ ಹತ್ರ ಮಾತಾಡ್ತಾಳೆ. ಸಿಗ್ನಲ್ ಸಿಕ್ಕಾಗ ಹೋಗುತ್ತೆ, ಸಿಗದಿದ್ರೆ ಕಾದು ಕೂತಿರುತ್ತೆ, ಓಟಿಪಿ ಥರ ಸಾಯೋದಿಲ್ಲ. ಆದ್ರೆ ಆ ಹುಡುಗಿಗೆ ಏನಾದ್ರೂ ಸಂಬಳ ಕೊಡಿ. ನಾವು ಮೊದಲ ವರ್ಷ ಕೊಡಲಿಲ್ಲ, ಆ ತಪ್ಪು ನಮ್ಮದೇ.

ನಿವೃತ್ತ ಕೃಷಿ ಸಹಾಯಕ:
ತಂಗೀ, ರೇಟಿನ ಲೆಕ್ಕ ಕಷ್ಟದ್ದಲ್ಲ. ಸುಮಾರು 5 ಕೆ.ಜಿ. ಹಣ್ಣಿಗೆ 1 ಕೆ.ಜಿ. ಒಣ ಪಾರ್ಚ್‌ಮೆಂಟ್ ಬರುತ್ತೆ. ಅಂದರೆ 50 ಕೆ.ಜಿ. ಚೀಲಕ್ಕೆ ಹತ್ತಿರ ಹತ್ತಿರ 250 ಕೆ.ಜಿ. ಹಣ್ಣು ಬೇಕು. ಚೀಲದ ರೇಟನ್ನು 250ರಿಂದ ಭಾಗಿಸಿ, ಪಲ್ಪ್ ಮಾಡಿ (ಸಿಪ್ಪೆ ಸುಲಿದು) ತೊಳೆದು ಒಣಗಿಸೋ ಕೂಲಿ ಕಳೆಯಿರಿ. ತೋಟದಿಂದ ತೋಟಕ್ಕೆ ವ್ಯತ್ಯಾಸ ಇರೋದರಿಂದ ನಿಮ್ಮ ಹಣ್ಣಲ್ಲೇ ಒಮ್ಮೆ ತೂಗಿ ನೋಡಿ.

ಇನ್ನೊಂದು ಮಾತು. ಮದುವೆಯಾದವರಿಗೆ ಹಕ್ಕುಪತ್ರ ಗಂಡ-ಹೆಂಡತಿ ಇಬ್ಬರ ಹೆಸರಲ್ಲೂ ಇರಬೇಕು, ಕಾಯ್ದೆಯಲ್ಲೇ ಇದೆ. ಫೋನು, ಖಾತೆ ಎಲ್ಲ ಅಪ್ಪನ ಹೆಸರಿಗೆ ಮಾತ್ರ ಜೋಡಿಸಬೇಡಿ. ಪಿಎಂ ಕಿಸಾನ್ ಪಡೆಯುವವರಿಗೆ 2023ರಿಂದ ಮುಖ ತೋರಿಸಿ ಇ-ಕೆವೈಸಿ (ಗುರುತಿನ ದೃಢೀಕರಣ) ಮಾಡೋ ದಾರಿಯೂ ಇದೆ. ಕೆಲಸ ಮಾಡಿ ಬೆರಳಚ್ಚು ಸವೆದವರಿಗೆ ಅದು ದೊಡ್ಡ ಅನುಕೂಲ.

ಕಾಡಂಚು:
ನನ್ನದೊಂದೇ ಕಾಳಜಿ. ಜೇನಿನ ಮರ, ದೇವರ ಜಾಗ, ಗೆಣಸು ಸಿಗೋ ತಾವು ಇವನ್ನೆಲ್ಲ ಆ್ಯಪಲ್ಲಿ ಗುರುತು ಹಾಕಿ ಅಂತ ಯಾರೇ ಬಂದರೂ ಮೊದಲು ಗ್ರಾಮಸಭೆಗೆ ಕರೆಸಿ. ಆ ಮಾಹಿತಿ ಯಾರ ಹತ್ತಿರ ಇರುತ್ತೆ ಅಂತ ಕೇಳಿ.

ಪೋಡಿನ ಮಗಳು:
ಎಲ್ಲರಿಗೂ ಶರಣು. ಕಾಡಂಚು ಅವರೇ, ನಿಮ್ಮ ಮಾತು ನಿಜ. ಆದರೆ ನಮ್ಮಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ಪರಿಸರ ಸಂಶೋಧನೆ ಮಾಡೋ ಏಟ್ರೀ ಸಂಸ್ಥೆಯವರ ಜೊತೆ ನಮ್ಮ ಹಿರಿಯರು ಕಾಡೆಲ್ಲ ನಡೆದು ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಅಂತ ನಾವು ಕರೆಯೋ ಪವಿತ್ರ ತಾಣಗಳನ್ನು ಜಿಪಿಎಸ್‌ನಲ್ಲಿ ಗುರುತಿಸಿ ನಕ್ಷೆ ಮಾಡಿದ್ದರು. ಅಲ್ಲಿ ಯಾವುದಕ್ಕೆ ಯಾವ ಹೆಸರು ಅಂತ ಹೇಳಿದವರು ನಮ್ಮ ತಾತಂದಿರು. 2011ರಲ್ಲಿ ಹುಲಿ ಮೀಸಲಿನೊಳಗೇ ನಮಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಆ್ಯಪ್ ತಂದವರು ಪೋಡಿನ ಹೆಸರಾದರೂ ಕೇಳಬಹುದಿತ್ತು ಅನ್ನೋದು ಅದಕ್ಕೇ.

ಕೃಷಿ ಸಹಾಯಕ ಅಣ್ಣ ಹೇಳಿದಂತೆ ತೂಗಿದೆವು. 25 ಕೆ.ಜಿ. ಹಣ್ಣು, ಪಕ್ಕದ ಮನೆಯ ಕೈ ಪಲ್ಪರ್, ಒಂದು ರಾತ್ರಿ ಕೊಳೆಹಾಕಿ ತೊಳೆದು ಹತ್ತು ದಿನ ಬಿಸಿಲು. ಬಂದಿದ್ದು 4 ಕೆ.ಜಿ. 900 ಗ್ರಾಂ. ಅಪ್ಪ ಇದ್ದಿಲಲ್ಲಿ ಗೋಡೆ ಮೇಲೆ ಬರೆದಿಟ್ಟಿದ್ದಾರೆ. ಈಗ ಚೀಲದ ರೇಟನ್ನು ಬಂಡೆ ಮೇಲಿಂದ ಧ್ವನಿಯಲ್ಲಿ ಕಳಿಸ್ತೀನಿ, ಸೋಲಿಗ ಮಾತಲ್ಲೇ, ಹಣ್ಣಿನ ಕೆ.ಜಿ.ಗೆ ಎಷ್ಟು ಅಂತ ಲೆಕ್ಕ ಹಾಕಿ. ಮುಂಗಡ ಇಲ್ಲದ ಆರು ಮನೆಯವರು ಒಟ್ಟಿಗೆ ಒಣಗಿಸಿ ಮಾರೋಣ ಅಂತಿದ್ದಾರೆ. ನಮ್ಮದು ಈ ಸಲ ಸಾಲಕ್ಕೇ ಹೋಗುತ್ತೆ.

ತೇವಾಂಶ ನೋಡೋ ಮೀಟರ್ ಒಂದು ವಾರಕ್ಕೆ ಬಾಡಿಗೆಗೆ ಸಿಗುತ್ತಾ? ಯಳಂದೂರು, ಕೊಳ್ಳೇಗಾಲದ ಕಡೆ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.