ಗ್ರೀನ್‌ಪ್ಲಮ್‌ನಲ್ಲಿ ರಾತ್ರಿ ಲೋಡ್ ಎರಡೂವರೆ ಗಂಟೆಯಿಂದ ಆರು ಗಂಟೆಗೆ ಹೋಗಿದೆ, ಡಿಸ್ಕೇ ಕಾರಣಾನಾ?

ರಾತ್ರಿಪಾಳಿ:
ಎಲ್ರಿಗೂ ನಮಸ್ಕಾರ. ನಮ್ದು ಗ್ರೀನ್‌ಪ್ಲಮ್ 6 (ಡೇಟಾನ ಹಲವು ಸರ್ವರ್‌ಗೆ ಹಂಚಿ ಒಟ್ಟಿಗೆ ಓಡೋ ಡೇಟಾಬೇಸ್), ಎಂಟು ಸೆಗ್ಮೆಂಟ್ ಹೋಸ್ಟ್ (ಡೇಟಾ ಇರೋ ಸರ್ವರ್), ಒಂದೊಂದ್ರಲ್ಲೂ ಆರು ಪ್ರೈಮರಿ (ಕೆಲಸ ಮಾಡೋ ಡೇಟಾ ಪಾಲು) ಆರು ಮಿರರ್ (ಬೇರೆ ಹೋಸ್ಟಿನ ಪ್ರೈಮರಿಯ ನಕಲು), ಎಲ್ಲಾ ತಿರುಗೋ ಡಿಸ್ಕುಗಳೇ, ಹಾರ್ಡ್‌ವೇರ್ ರೇಡ್ 5 (ಕಂಟ್ರೋಲರ್ ಕಾರ್ಡ್ ಹಲವು ಡಿಸ್ಕುಗಳನ್ನ ಒಂದಾಗಿ ಸೇರಿಸೋದು) ಮೇಲೆ ಎಕ್ಸ್‌ಎಫ್‌ಎಸ್ ಫೈಲ್‌ಸಿಸ್ಟಮ್. ರಾತ್ರಿ 11ಕ್ಕೆ ಶುರುವಾಗೋ ಲೋಡ್ (ಹೊಸ ಡೇಟಾ ತುಂಬೋ ಕೆಲಸ) ಒಂದೂವರೆಗೆಲ್ಲ ಮುಗೀತಿತ್ತು, ಈಗ ಹದಿನೈದು ದಿನದಿಂದ ಬೆಳಿಗ್ಗೆ 5 ಆಗ್ತಿದೆ, ಬೆಳಿಗ್ಗೆ ರಿಪೋರ್ಟ್ ನೋಡೋರಿಗೆ ಹಳೇ ಡೇಟಾನೇ ಸಿಗ್ತಿದೆ. ಕೋಡ್ ಬದಲಾಗಿಲ್ಲ, ಡೇಟಾ ಅಷ್ಟೇ ಬರ್ತಿದೆ, ವ್ಯಾಕ್ಯೂಮ್ ಅನಲೈಜ್ ಥರದ ಟೇಬಲ್ ನಿರ್ವಹಣೆ ಎಲ್ಲಾ ಮಾಡಾಯ್ತು. ಸಿಪಿಯು ಖಾಲಿ ಕೂತಿದೆ. ಒಂದು ಹೋಸ್ಟಲ್ಲಿ ಐಒಸ್ಟ್ಯಾಟ್ (ಡಿಸ್ಕ್ ಕೆಲಸದ ಅಂಕಿ ತೋರಿಸೋ ಕಮಾಂಡ್) ಹಾಕಿದ್ರೆ ಯುಟಿಲ್ (ಡಿಸ್ಕ್ ಬಿಜಿ ಇದ್ದ ಹೊತ್ತು) ಶೇಕಡಾ 100 ತೋರಿಸ್ತು. ಎಲ್ಲಾ ಹೋಸ್ಟಿಗೂ ಎಸ್‌ಎಸ್‌ಡಿ ಹಾಕ್ಸೋಣ ಅಂತ ಮೇಲಿನವ್ರು ಕೊಟೇಶನ್ ಕೇಳ್ತಿದ್ದಾರೆ. ಅದೇ ದಾರೀನಾ?

ಹಳೇಡಿಬಿಎ:
ಕೊಟೇಶನ್ ಸದ್ಯಕ್ಕೆ ಬೇಡ. ಗ್ರೀನ್‌ಪ್ಲಮ್ ಕ್ವೆರಿ ಅಂದ್ರೆ ಮದುವೆ ಊಟದ ಪಂಕ್ತಿ ಇದ್ದಂಗೆ, ಕೊನೇ ಎಲೆಯವ್ರು ಮುಗಿಸೋವರ್ಗೂ ಯಾರೂ ಏಳೋ ಹಾಗಿಲ್ಲ, ಅದಕ್ಕೆ ಒಂದೇ ಹೋಸ್ಟ್ ನೋಡಿ ಏನೂ ಹೇಳಕ್ಕಾಗಲ್ಲ. ಲೋಡ್ ಓಡ್ತಿರೋವಾಗ ಜಿಪಿಎಸ್‌ಎಸ್‌ಎಚ್‌ನಲ್ಲಿ ಎಂಟರಲ್ಲೂ ಒಟ್ಟಿಗೆ ‘ಐಒಸ್ಟ್ಯಾಟ್ -ಎಕ್ಸ್‌ಎಂ 5’ ಓಡ್ಸಿ. ಮೊದಲ್ನೇ ಸಲ ಪ್ರಿಂಟ್ ಆಗೋದು ಬೂಟ್ ಆದಾಗಿಂದಿನ ಸರಾಸರಿ, ಅದನ್ನ ಬಿಟ್ಟು ಎರಡನೇದ್ರಿಂದ ನೋಡಿ.

ಯುಟಿಲ್ 100 ನೋಡಿ ಹೆದರ್ಬೇಡಿ. ಆ ಹೊತ್ತಲ್ಲಿ ಡಿವೈಸಿನ ಮುಂದೆ ಒಂದಾದ್ರೂ ಕೆಲಸ ಇತ್ತು ಅಂತ ಮಾತ್ರ ಅದು ಹೇಳುತ್ತೆ, ಹತ್ತು ಡಿಸ್ಕು ಸೇರಿಸಿ ಮಾಡಿದ ರೇಡ್‌ನಲ್ಲಿ 100 ಇದ್ರೂ ಇನ್ನೂ ಜಾಗ ಇರಬಹುದು. ಆರ್‌_ಅವೇಟ್, ಡಬ್ಲ್ಯೂ_ಅವೇಟ್ (ಒಂದು ಓದು, ಒಂದು ಬರಹ ಮುಗಿಯೋಕೆ ಹಿಡಿಯೋ ಸಮಯ), ಕ್ಯೂ ಉದ್ದ, ಎಂಬಿ (ಸೆಕೆಂಡಿಗೆ ಓಡೋ ಡೇಟಾ), ಈ ನಾಲ್ಕೂ ಅಕ್ಕಪಕ್ಕ ಇಟ್ಟು ನೋಡಿ.

ಕಾಲಂಸ್ಟೋರ್:
ಇದಕ್ಕೆ ಒಂದು ಸೇರಿಸ್ತೀನಿ. ಒಂದು ಹೋಸ್ಟ್ ಹಿಂದೆ ಬಿದ್ದಿದ್ರೆ ಅದರ ಎಂಬಿ ನೋಡಿ. ಬೇರೆಯವಕ್ಕಿಂತ ಜಾಸ್ತಿ ಎಂಬಿ ಓಡಿಸ್ತಾ ಹಿಂದೆ ಬಿದ್ದಿದ್ರೆ ಡಿಸ್ಕ್ ಚೆನ್ನಾಗೇ ಇದೆ, ಅದರ ಮೇಲೆ ಹೊರೆ ಜಾಸ್ತಿ ಬಿದ್ದಿದೆ. ಡಿಸ್ಟ್ರಿಬ್ಯೂಶನ್ ಕೀ (ಸಾಲುಗಳನ್ನ ಸೆಗ್ಮೆಂಟ್‌ಗಳಿಗೆ ಹಂಚೋ ಕಾಲಂ) ಸರಿ ಇಲ್ಲದೆ ಸ್ಕ್ಯೂ ಆಗಿರುತ್ತೆ (ಒಂದೇ ಕಡೆ ಡೇಟಾ ಜಾಸ್ತಿ), ಇಲ್ಲಾ ಹ್ಯಾಶ್ ಜಾಯಿನ್ (ಟೇಬಲ್ ಜೋಡಿಸೋ ವಿಧಾನ) ಮೆಮೊರಿ ಸಾಲದೆ ಡಿಸ್ಕಿಗೆ ಸ್ಪಿಲ್ ಆಗ್ತಿರುತ್ತೆ (ತಾತ್ಕಾಲಿಕ ಫೈಲ್ ಬರೀತಿರುತ್ತೆ). ಅದಕ್ಕೆ ಎಸ್‌ಎಸ್‌ಡಿ ಹಾಕಿದ್ರೆ ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದಂಗೆ. ದೊಡ್ಡ ಟೇಬಲ್‌ಗಳಿಗೆ ಜಿಪಿ_ಸೆಗ್ಮೆಂಟ್_ಐಡಿ ಮೇಲೆ ಗ್ರೂಪ್ ಬೈ ಮಾಡಿ ಕೌಂಟ್ ನೋಡಿ, ಸ್ಪಿಲ್‌ಗೆ ಜಿಪಿ_ಟೂಲ್‌ಕಿಟ್‌ನಲ್ಲಿ ಜಿಪಿ_ವರ್ಕ್‌ಫೈಲ್_ಯೂಸೇಜ್_ಪರ್_ಸೆಗ್ಮೆಂಟ್ ಇದೆ. ಕಡಿಮೆ ಎಂಬಿ, ಆದ್ರೂ ಅವೇಟ್ ಜಾಸ್ತಿ ಅಂದ್ರೆ ಮಾತ್ರ ಡಿಸ್ಕಿಗೆ ಕಾಯಿಲೆ.

ರಾತ್ರಿಪಾಳಿ:
ನಿನ್ನೆ ರಾತ್ರಿ ಕೂತು ನೋಡ್ದೆ. ಐದನೇ ಹೋಸ್ಟಲ್ಲಿ ಡಬ್ಲ್ಯೂ_ಅವೇಟ್ 210 ಮಿಲಿಸೆಕೆಂಡ್, ಬೇರೆ ಏಳರಲ್ಲೂ 6ರಿಂದ 8. ಎಂಬಿ ಕೂಡ ಅದರಲ್ಲೇ ಕಡಿಮೆ, 45 ದಾಟ್ತಾನೇ ಇಲ್ಲ. ಸ್ಕ್ಯೂ ಇಲ್ಲ, ಸ್ಪಿಲ್ ಅಲ್ಪಸ್ವಲ್ಪ, ಅದೂ ಎಲ್ಲಾ ಕಡೆ ಒಂದೇ ಥರ. ಆಮೇಲೆ ಲೋಡ್ ಇಲ್ಲದ ಹೊತ್ತಲ್ಲಿ ಜಿಪಿಚೆಕ್‌ಪರ್ಫ್‌ಗೆ (ಡಿಸ್ಕ್ ವೇಗ ಅಳೆಯೋ ಗ್ರೀನ್‌ಪ್ಲಮ್ ಟೂಲ್) -ಡಿ ದೊಡ್ಡಕ್ಷರದಲ್ಲಿ ಕೊಟ್ಟು ಹೋಸ್ಟ್ ಪ್ರಕಾರ ತೆಗ್ದೆ. ಓದೋದು ಎಂಟರಲ್ಲೂ ಹೆಚ್ಚುಕಡಿಮೆ ಸಮ, ಬರೆಯೋದು ಐದನೇದ್ರಲ್ಲಿ ಮಾತ್ರ ನೆಲ ಕಚ್ಚಿದೆ. ಡಿಸ್ಕಿನ ಆರೋಗ್ಯ ತೋರಿಸೋ ಸ್ಮಾರ್ಟ್‌ಸಿಟಿಎಲ್‌ನಲ್ಲಿ ಯಾವ ಡಿಸ್ಕೂ ಕೆಟ್ಟಿರೋ ಹಾಗೆ ಕಾಣ್ತಿಲ್ಲ.

ಹಳೇಡಿಬಿಎ:
ಓದೋದು ಸರಿ ಇದ್ದು ಬರೆಯೋದು ಮಾತ್ರ ಸತ್ತಿದ್ರೆ ಡಿಸ್ಕ್ ಬಿಟ್ಟು ರೇಡ್ ಕಂಟ್ರೋಲರ್ ನೋಡಿ. ಸ್ಟೋರ್‌ಸಿಎಲ್‌ಐನಲ್ಲಿ (ಕಂಟ್ರೋಲರಿನ ಕಮಾಂಡ್) ಬ್ಯಾಟರಿ (ಕರೆಂಟ್ ಹೋದ್ರೂ ಕ್ಯಾಶ್ ಕಾಯೋದು) ಸ್ಥಿತಿ ಏನಿದೆ, ಕ್ಯಾಶ್ ಪಾಲಿಸಿ ರೈಟ್‌ಬ್ಯಾಕ್ (ಕ್ಯಾಶ್ ಸೇರಿದ ಕೂಡ್ಲೇ ಬರ್ದಾಯ್ತು ಅನ್ನೋದು) ಇದ್ಯಾ ರೈಟ್‌ಥ್ರೂ (ಡಿಸ್ಕ್ ಸೇರಿದ್ಮೇಲೇ ಅನ್ನೋದು) ಆಗಿದ್ಯಾ. ಬ್ಯಾಟರಿ ಕೈಕೊಟ್ರೆ ಕಂಟ್ರೋಲರ್ ತಾನಾಗೇ ರೈಟ್‌ಥ್ರೂಗೆ ಇಳಿಯುತ್ತೆ, ಆಮೇಲೆ ಪ್ರತಿ ಬರಹಾನೂ ಡಿಸ್ಕ್ ಮುಟ್ಟೋವರ್ಗೂ ಕಾಯ್ಬೇಕು, ರೇಡ್ 5ರಲ್ಲಿ ಸಣ್ಣ ಬರಹಕ್ಕೂ ಹಳೇ ಡೇಟಾ ಹಳೇ ಪ್ಯಾರಿಟಿ (ಡಿಸ್ಕ್ ಕೆಟ್ರೆ ಡೇಟಾ ಮರಳಿ ತರೋ ಲೆಕ್ಕ) ಓದಿ ಎರಡನ್ನೂ ತಿರುಗಿ ಬರೀಬೇಕು. ಐಒಸ್ಟ್ಯಾಟ್‌ನಲ್ಲಿ ಇದರ ಕಾರಣ ಕಾಣಲ್ಲ, ಸ್ಮಾರ್ಟ್‌ನಲ್ಲೂ ಬರಲ್ಲ.

ಇನ್ನೊಂದು, ಆ ಹೋಸ್ಟಲ್ಲಿ ಬೇರೆ ಹೋಸ್ಟಿನ ಮಿರರ್‌ಗಳೂ ಇವೆ. ಗ್ರೀನ್‌ಪ್ಲಮ್ 6ರಲ್ಲಿ ಮಿರರ್‌ಗೆ ವಾಲ್ (ಬದಲಾವಣೆಗಳ ಲಾಗ್) ಹೋಗೋದು ಸಿಂಕ್ರೊನಸ್, ಅಂದ್ರೆ ಚೆನ್ನಾಗಿರೋ ಹೋಸ್ಟಿನ ಕಮಿಟ್ ಕೂಡ ಐದನೇದಕ್ಕೆ ಕಾಯ್ತಾ ನಿಂತಿರುತ್ತೆ.

ರಾತ್ರಿಪಾಳಿ:
ಅದೇ ಸರ್!! ಬ್ಯಾಟರಿ ಫೇಲ್ಡ್, ಪಾಲಿಸಿ ರೈಟ್‌ಥ್ರೂ. ಕಂಟ್ರೋಲರ್ ಈವೆಂಟ್ ಲಾಗಲ್ಲಿ 16 ದಿನದ ಹಿಂದೆ ಒಂದೇ ಒಂದು ಸಾಲು ಬಿದ್ದಿದೆ, ನಾವು ಯಾರೂ ನೋಡಿಲ್ಲ. ಬ್ಯಾಟರಿ ಬರೋಕೆ ನಾಲ್ಕು ದಿನ ಅಂತೆ. ಅಲ್ಲೀತನಕ ಬ್ಯಾಟರಿ ಇಲ್ಲದೇನೂ ಬಲವಂತವಾಗಿ ರೈಟ್‌ಬ್ಯಾಕ್ ಇಡೋ ಆಪ್ಶನ್ ಇದ್ಯಲ್ಲ, ಹಾಕ್ಲಾ?

ಹಳೇಡಿಬಿಎ:
ದಯವಿಟ್ಟು ಬೇಡ. ಒಂದು ಸಲ ಕರೆಂಟ್ ಹೋದ್ರೆ ಕ್ಯಾಶಲ್ಲಿದ್ದಿದ್ದು ಹೋಯ್ತು, ಡೇಟಾಬೇಸ್ ಮಾತ್ರ ಅದು ಡಿಸ್ಕ್ ಸೇರಿದೆ ಅಂತಾನೇ ನಂಬ್ಕೊಂಡಿರುತ್ತೆ. ನಾಲ್ಕು ದಿನ ನಿಧಾನ ಆಗೋದು ಅದಕ್ಕಿಂತ ಎಷ್ಟೋ ವಾಸಿ.

ಕಾಲಂಸ್ಟೋರ್:
ಐದನೇ ಹೋಸ್ಟನ್ನ ಇಳಿಸಿ ಮಿರರ್ ಮೇಲೆ ಓಡ್ಸೋದೂ ಒಂದು ದಾರಿ, ಆದ್ರೆ ಗ್ರೂಪ್ ಮಿರರಿಂಗ್ (ಒಂದು ಹೋಸ್ಟಿನ ಮಿರರ್‌ಗಳೆಲ್ಲ ಇನ್ನೊಂದೇ ಹೋಸ್ಟಲ್ಲಿ) ಇದ್ರೆ ಆರೂ ಪ್ರೈಮರಿ ಒಂದೇ ಹೋಸ್ಟಿನ ತಲೆ ಮೇಲೆ ಬೀಳುತ್ತೆ, ಅಲ್ಲೀತನಕ ಆ ಸೆಗ್ಮೆಂಟ್‌ಗಳಿಗೆ ಎರಡನೇ ಪ್ರತೀನೂ ಇರಲ್ಲ. ನಾನಾಗಿದ್ರೆ ಅರ್ಜೆಂಟ್ ಇಲ್ಲದ ಜಾಬ್‌ಗಳನ್ನ ಮುಂದಕ್ಕೆ ಹಾಕಿ ಕಾಯ್ತಿದ್ದೆ.

ರಾತ್ರಿಪಾಳಿ:
ಕಾದ್ವಿ, ನಿನ್ನೆ ಬ್ಯಾಟರಿ ಬದಲಾಯ್ತು, ಚಾರ್ಜ್ ಆದ್ಮೇಲೆ ರೈಟ್‌ಬ್ಯಾಕ್ ತಾನೇ ಬಂತು. ರಾತ್ರಿ ಲೋಡ್ 2 ಗಂಟೆ 40 ನಿಮಿಷ. ಉಳಿದ ಏಳು ಹೋಸ್ಟಲ್ಲೂ ನೋಡಿದ್ರೆ ಇನ್ನೆರಡರ ಬ್ಯಾಟರಿ ಬದಲಾಯಿಸಿ ಅಂತ ತೋರಿಸ್ತಿದೆ, ಅದಕ್ಕೂ ಆರ್ಡರ್ ಹಾಕಿದೀವಿ, ಕ್ಯಾಶ್ ಪಾಲಿಸಿ ಬದಲಾದ್ರೆ ಮೆಸೇಜ್ ಬರೋ ಹಾಗೆ ಅಲರ್ಟ್ ಇಟ್ಟಾಯ್ತು. ಇಬ್ರಿಗೂ ತುಂಬಾ ಥ್ಯಾಂಕ್ಸ್.