ಅಲಾಸ್ಕಾದ ಉತ್ತರದ ರಾಷ್ಟ್ರೀಯ ಉದ್ಯಾನಗಳ ಪ್ರವಾಸ: ಅನುಭವಿಗಳ ಸಲಹೆ ಬೇಕು

ಎಲ್ಲರಿಗೂ ನಮಸ್ಕಾರ. ಮುಂದಿನ ಆಗಸ್ಟ್ ಕೊನೆಯಲ್ಲಿ ನಾನು ಮತ್ತು ನನ್ನ ತಂಗಿ ಅಲಾಸ್ಕಾದ ಡೆನಾಲಿ, ಗೇಟ್ಸ್ ಆಫ್ ದಿ ಆರ್ಕ್ಟಿಕ್ ಹಾಗೂ ಕೋಬುಕ್ ವ್ಯಾಲಿ ರಾಷ್ಟ್ರೀಯ ಉದ್ಯಾನಗಳನ್ನು ಒಂದೇ ಪ್ರವಾಸದಲ್ಲಿ ನೋಡಬೇಕೆಂದುಕೊಂಡಿದ್ದೇವೆ. ಡೆನಾಲಿಯಲ್ಲಿ ಬಸ್ಸಿನ ವ್ಯವಸ್ಥೆ ಇರುವುದರಿಂದ ಅಲ್ಲಿಯ ಬಗ್ಗೆ ಅಷ್ಟು ಚಿಂತೆಯಿಲ್ಲ.

ಉಳಿದೆರಡರ ವಿಷಯ ಬೇರೆ. ಅವುಗಳೊಳಗೆ ರಸ್ತೆಯೂ ಇಲ್ಲ, ಗುರುತು ಹಾಕಿದ ಕಾಲುದಾರಿಯೂ ಇಲ್ಲ. ಬೆಟಲ್ಸ್ ಅಥವಾ ಕೋಟ್ಜೆಬ್ಯೂ ಊರಿನಿಂದ ಸಣ್ಣ ವಿಮಾನದಲ್ಲಿ ಹೋಗಿ, ನದಿಯ ಮರಳುದಿಬ್ಬದಲ್ಲೋ ಕೆರೆಯಲ್ಲೋ ಇಳಿಯಬೇಕು. ಮಂಜು ಕವಿದರೆ ವಾಪಸು ಕರೆದೊಯ್ಯುವ ವಿಮಾನ ನಿಗದಿತ ದಿನಕ್ಕೆ ಬಾರದೇ ಇರಬಹುದಾದ್ದರಿಂದ, ಎಷ್ಟು ದಿನದ ಹೆಚ್ಚುವರಿ ಆಹಾರ ಒಯ್ಯುವುದು ಸೂಕ್ತ ಎಂಬುದನ್ನು ಅಲ್ಲಿಗೆ ಹೋಗಿಬಂದವರು ದಯವಿಟ್ಟು ತಿಳಿಸಿ. ಕಾಲಿಟ್ಟ ಕಡೆಯೆಲ್ಲ ವಾಲಾಡುವ ಹುಲ್ಲುಗಡ್ಡೆಗಳ ಜೌಗಿನಲ್ಲಿ ಹೊರೆ ಹೊತ್ತು ನಡೆಯುವಾಗ ದಿನಕ್ಕೆ ಎಷ್ಟು ದೂರ ಸಾಗಬಹುದು ಎಂಬ ಅಂದಾಜೂ ಬೇಕು.

ನಮ್ಮ ಮುಖ್ಯ ಆಸೆ, ದಕ್ಷಿಣಕ್ಕೆ ವಲಸೆ ಹೊರಟ ಕ್ಯಾರಿಬೂ (ಉತ್ತರ ಅಮೆರಿಕದ ಹಿಮಸಾರಂಗ) ಹಿಂಡು ಕೊಂಬುಗಳನ್ನು ನೀರಿನ ಮೇಲೆತ್ತಿಕೊಂಡು ಕೋಬುಕ್ ನದಿಯನ್ನು ಈಜಿ ದಾಟುವುದನ್ನು ಕಣ್ಣಾರೆ ನೋಡುವುದು. ಅದಕ್ಕೆ ಹಿಂಡುಗಳು ನದಿ ದಾಟುವ ಜಾಗವಾದ ಆನಿಯನ್ ಪೋರ್ಟೇಜ್ ಬಳಿ ಕಾಯುವುದು ಒಳ್ಳೆಯದೋ, ಅಥವಾ ಪ್ರವಾಸವನ್ನೇ ಸೆಪ್ಟೆಂಬರಿಗೆ ಮುಂದೂಡುವುದು ಒಳ್ಳೆಯದೋ? ಹಿಂಡಿನ ದಾರಿಗೆ ಅಡ್ಡಿಯಾಗದಂತೆ ಡೇರೆ ಎಲ್ಲಿ ಹಾಕಬೇಕೆಂಬುದೂ ನನಗೆ ಅಷ್ಟೇ ಮುಖ್ಯ.

ಕರಡಿ ತೆರೆಯಲಾಗದ ಆಹಾರದ ಡಬ್ಬಿಗಳನ್ನು ಒಯ್ಯುತ್ತೇವೆ. ಮೇಲೆರಗುವ ಕರಡಿಯನ್ನು ಹಿಮ್ಮೆಟ್ಟಿಸುವ ಖಾರದ ಕರಡಿ ಸ್ಪ್ರೇಯನ್ನು ಪ್ರಯಾಣಿಕ ವಿಮಾನದಲ್ಲಿ ಒಯ್ಯುವಂತಿಲ್ಲವಾದ್ದರಿಂದ, ಬೆಟಲ್ಸ್‌ನಲ್ಲೇ ಅದನ್ನು ಪಡೆದವರಿದ್ದರೆ ಮೊದಲೇ ಹೇಳಿಡಬೇಕೇ ಎಂಬುದನ್ನು ತಿಳಿಸಿ.