ಒಂದೇ ದೊಡ್ಡ ಸ್ಲಾಟ್ ಇರುವ ಡೆಸ್ಕ್‌ಟಾಪ್‌ಗೆ ನಾಲ್ಕು ಮಾನಿಟರ್ ಜೋಡಿಸಬಹುದೇ?

ಪ್ರಶ್ನೆ

ನಾನು ಪುಟವಿನ್ಯಾಸ ಮತ್ತು ಕರಡು ತಿದ್ದುವ ಕೆಲಸ ಮಾಡುತ್ತೇನೆ. ಒಂದು ಪರದೆಯಲ್ಲಿ ಹಸ್ತಪ್ರತಿಯ ಸ್ಕ್ಯಾನ್, ಇನ್ನೊಂದರಲ್ಲಿ ಪುಟ, ಮತ್ತೊಂದರಲ್ಲಿ ನಿಘಂಟು, ಕೊನೆಯದರಲ್ಲಿ ಪತ್ರವ್ಯವಹಾರ ತೆರೆದಿದ್ದರೆ ಕೆಲಸ ಸಲೀಸು. ಹಾಗಾಗಿ ಈಗಿರುವ ಎರಡು ಮಾನಿಟರ್‌ಗಳ ಜೊತೆಗೆ ಇನ್ನೆರಡನ್ನು ಸೇರಿಸಬೇಕೆಂದಿದ್ದೇನೆ. ನಾಲ್ಕೂ 1920×1080ರವು.

ತೊಡಕು ಇರುವುದು ಕಂಪ್ಯೂಟರಿನಲ್ಲಿ. ತೆಳು ಕ್ಯಾಬಿನೆಟ್, ಕಾರ್ಡ್ ಸಿಕ್ಕಿಸಲು ಉದ್ದದ ಎಕ್ಸ್16 ಸ್ಲಾಟ್ ಒಂದು, ಗಿಡ್ಡ ಎಕ್ಸ್1 ಸ್ಲಾಟ್ ಒಂದು, ಅಷ್ಟೇ. ದೊಡ್ಡದರಲ್ಲಿ ಅರ್ಧ ಎತ್ತರದ ಗ್ರಾಫಿಕ್ಸ್ ಕಾರ್ಡ್ ಇದೆ, ಅದರ ಎಚ್‌ಡಿಎಂಐ ಮತ್ತು ಡಿಸ್‌ಪ್ಲೇಪೋರ್ಟ್ ಎರಡೂ ಬಳಕೆಯಲ್ಲಿವೆ. ಚಿಕ್ಕದರಲ್ಲಿ ನೆಟ್‌ವರ್ಕ್ ಕಾರ್ಡ್ ಇದೆ. ಮದರ್‌ಬೋರ್ಡಿನ ಹಿಂಬದಿಯಲ್ಲಿಯೂ ಒಂದು ಎಚ್‌ಡಿಎಂಐ ಮತ್ತು ಒಂದು ವಿಜಿಎ ಇವೆಯಾದರೂ, ಅಲ್ಲಿಗೆ ಮಾನಿಟರ್ ಸಿಕ್ಕಿಸಿದರೆ ‘ಸಿಗ್ನಲ್ ಇಲ್ಲ’ ಎಂದು ತೋರಿಸಿ ಪರದೆ ಕಪ್ಪಾಗುತ್ತದೆ. ಅಂಗಡಿಯವರ ಮಾತು ಕೇಳಿ ಒಂದು ಎಚ್‌ಡಿಎಂಐ ಸ್ಪ್ಲಿಟರ್ ತಂದೆ. ಎರಡು ಪರದೆಗಳಲ್ಲೂ ಒಂದೇ ಚಿತ್ರ ಬಂತು. ಕಂಪ್ಯೂಟರನ್ನೇ ಬದಲಿಸದೆ ದಾರಿಯಿದೆಯೇ?

ಮೊದಲ ಉತ್ತರ

ಸ್ಲಾಟ್ ಎಣಿಸುವ ಮೊದಲು, ಈಗಾಗಲೇ ಒಳಗಿದ್ದೂ ನಿದ್ರಿಸುತ್ತಿರುವ ಗ್ರಾಫಿಕ್ಸನ್ನು ಎಬ್ಬಿಸಿ ನೋಡಿ. ನಿಮ್ಮ ಮದರ್‌ಬೋರ್ಡಿನ ಎಚ್‌ಡಿಎಂಐ ಕೆಟ್ಟಿರುವ ಸಾಧ್ಯತೆ ಕಡಿಮೆ. ಪ್ರತ್ಯೇಕ ಕಾರ್ಡ್ ಹಾಕಿದ ಕೂಡಲೇ ಪ್ರೊಸೆಸರಿನೊಳಗಿನ ಗ್ರಾಫಿಕ್ಸನ್ನು ಬಯಾಸ್ (ವಿಂಡೋಸ್‌ಗೂ ಮೊದಲು ಓಡುವ, ಮದರ್‌ಬೋರ್ಡಿನದೇ ತಂತ್ರಾಂಶ) ತಾನಾಗಿ ನಿಲ್ಲಿಸಿಬಿಡುವುದು ಬಹಳಷ್ಟು ಬೋರ್ಡ್‌ಗಳ ವಾಡಿಕೆ. ಬಯಾಸ್‌ನಲ್ಲಿ ‘ಐಜಿಪಿಯು ಮಲ್ಟಿ-ಮಾನಿಟರ್’ ಅಥವಾ ‘ಇಂಟರ್ನಲ್ ಗ್ರಾಫಿಕ್ಸ್’ ಎಂಬಂತಹ ಆಯ್ಕೆಯನ್ನು ಹುಡುಕಿ, ಅದನ್ನು ಸಕ್ರಿಯಗೊಳಿಸಿ, ವಿಂಡೋಸ್‌ಗೆ ಮರಳಿದ ಮೇಲೆ ಆ ಗ್ರಾಫಿಕ್ಸಿನ ಡ್ರೈವರನ್ನೂ ಹಾಕಿಕೊಳ್ಳಿ. ಒಂದು ಎಚ್ಚರಿಕೆ: ಹೆಸರಿನ ಕೊನೆಯಲ್ಲಿ ‘ಎಫ್’ ಅಕ್ಷರವಿರುವ ಇಂಟೆಲ್ ಕೋರ್ ಪ್ರೊಸೆಸರ್‌ಗಳಲ್ಲಿ ಗ್ರಾಫಿಕ್ಸ್ ಇರುವುದಿಲ್ಲ, ನಿಮ್ಮದು ಅಂಥದ್ದಾದರೆ ಈ ಮಾತು ಇಲ್ಲಿಗೇ ಮುಗಿಯಿತು.

ಇದು ಫಲಿಸಿದರೆ ಮೂರನೆಯ ಮಾನಿಟರ್ ಖರ್ಚಿಲ್ಲದೆ ಬಂದಂತೆ. ನಾಲ್ಕನೆಯದಕ್ಕೆ ವಿಜಿಎ ಬಳಸಲು ಹೋಗಬೇಡಿ ಎಂಬುದು ನನ್ನ ಸಲಹೆ. ಅದರ ಅನಲಾಗ್ ಸಂಕೇತದಲ್ಲಿ ಅಕ್ಷರಗಳ ಅಂಚು ಸ್ವಲ್ಪ ಕದಡುತ್ತದೆ. ಕರಡು ತಿದ್ದುವವರಿಗೆ ‘ದ’ ಮತ್ತು ‘ಧ’ಗಳನ್ನು ಬೇರೆ ಮಾಡುವ ಆ ಸಣ್ಣ ಗೀಟು ಮಸುಕಾದರೆ ಪರದೆ ಇದ್ದೂ ಇಲ್ಲದಂತೆ.

ಎರಡನೆಯ ಉತ್ತರ

ಮೇಲಿನ ಸಲಹೆ ಸರಿಯಾಗಿದೆ. ಆದರೆ ನಾಲ್ಕನೆಯ ಮಾನಿಟರಿನ ಉತ್ತರ ನಿಮ್ಮ ಕಾರ್ಡಿನ ಡಿಸ್‌ಪ್ಲೇಪೋರ್ಟ್‌ನಲ್ಲಿಯೇ ಇದೆ. 2010ರಲ್ಲಿ ಬಂದ ಡಿಸ್‌ಪ್ಲೇಪೋರ್ಟ್ 1.2 ಆವೃತ್ತಿಯು ಎಂಎಸ್‌ಟಿ ಎಂಬ ವ್ಯವಸ್ಥೆಯನ್ನು ತಂದಿತು. ಒಂದೇ ಕೇಬಲ್ಲಿನಲ್ಲಿ ಹಲವು ಮಾನಿಟರ್‌ಗಳ ಬೇರೆ ಬೇರೆ ಚಿತ್ರಗಳು ಪೊಟ್ಟಣಗಳಾಗಿ ಸಾಗಿ, ಕೇಬಲ್ಲಿನ ತುದಿಯಲ್ಲಿ ಜೋಡಿಸುವ ಹಬ್ ಎಂಬ ಚಿಕ್ಕ ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಹಂಚಿಕೆಯಾಗುತ್ತವೆ. ಸ್ಪ್ಲಿಟರ್‌ಗೂ ಇದಕ್ಕೂ ಇರುವ ವ್ಯತ್ಯಾಸವೇ ಇದು: ಸ್ಪ್ಲಿಟರ್ ತನಗೆ ಬಂದ ಒಂದೇ ಸಂಕೇತವನ್ನು ನಕಲು ಮಾಡುತ್ತದೆ, ಆದ್ದರಿಂದ ಕಂಪ್ಯೂಟರಿನ ದೃಷ್ಟಿಯಲ್ಲಿ ಅಲ್ಲಿರುವುದು ಒಂದೇ ಮಾನಿಟರ್.

ಲೆಕ್ಕ ಹೀಗೆ. 1.2 ಆವೃತ್ತಿಯ ಕೊಂಡಿಯಲ್ಲಿ ಚಿತ್ರಕ್ಕೆ ಸಿಗುವ ವೇಗ ಸೆಕೆಂಡಿಗೆ 17.28 ಗಿಗಾಬಿಟ್. 60 ಹರ್ಟ್ಸ್‌ನಲ್ಲಿ 1920×1080ರ ಒಂದು ಪರದೆಗೆ ಸುಮಾರು 3.5 ಗಿಗಾಬಿಟ್ ಬೇಕು, ಅಂದರೆ ನಾಲ್ಕು ಪರದೆಗಳಿಗೂ ಕೊಂಡಿ ಸಾಕು. 2560×1440 ಆದರೆ ಎರಡು, 3840×2160 ಆದರೆ ಒಂದೇ. ಆದರೆ ಕೊಂಡಿಯಲ್ಲಿ ಜಾಗವಿದ್ದ ಮಾತ್ರಕ್ಕೆ ಆಗಲಿಲ್ಲ. ಕಾರ್ಡಿನ ಚಿಪ್ ಏಕಕಾಲಕ್ಕೆ ಎಷ್ಟು ಸ್ವತಂತ್ರ ಚಿತ್ರಗಳನ್ನು ಹೊರಡಿಸಬಲ್ಲದು ಎಂಬುದಕ್ಕೆ ಅದರದೇ ಮಿತಿಯಿದೆ. ತಯಾರಕರ ವಿವರಪುಟದಲ್ಲಿ ‘ಗರಿಷ್ಠ ಪ್ರದರ್ಶಕಗಳು’ ಎಂದಿರುವ ಸಂಖ್ಯೆಯನ್ನು ನೋಡಿ. ಅದು ಎರಡು ಎಂದಿದ್ದರೆ ಎಷ್ಟು ಹಬ್ ಸಿಕ್ಕಿಸಿದರೂ ಮೂರನೆಯದು ಬೆಳಗದು. ಮ್ಯಾಕ್‌ಓಎಸ್ ಬಳಸುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಅಲ್ಲಿ ಎಂಎಸ್‌ಟಿ ಹಬ್‌ನ ಪರದೆಗಳೆಲ್ಲ ಒಂದೇ ಚಿತ್ರ ತೋರಿಸುತ್ತವೆ. ವಿಂಡೋಸ್ ಮತ್ತು ಲಿನಕ್ಸ್‌ಗಳಲ್ಲಿ ಈ ತೊಂದರೆಯಿಲ್ಲ.

ಮೂರನೆಯ ಉತ್ತರ

ಯುಎಸ್‌ಬಿ ಮೂಲಕ ಮಾನಿಟರ್ ಜೋಡಿಸುವ ಡಿಸ್‌ಪ್ಲೇಲಿಂಕ್ ಅಡಾಪ್ಟರ್‌ಗಳನ್ನು ಯಾರೂ ಪ್ರಸ್ತಾಪಿಸಿಲ್ಲ. ನಾನು ಸುಮಾರು ಒಂದು ವರ್ಷ ಬಳಸಿದ್ದೇನೆ, ಆದ್ದರಿಂದ ಹೇಳುತ್ತೇನೆ. ಇವುಗಳಲ್ಲಿ ಚಿತ್ರವನ್ನು ಕುಗ್ಗಿಸಿ ಯುಎಸ್‌ಬಿಗೆ ತುಂಬುವ ಹೊಣೆ ಡ್ರೈವರಿನ ಮೂಲಕ ಕಂಪ್ಯೂಟರಿನ ಮೇಲೆಯೇ ಬೀಳುತ್ತದೆ. ಸುಮ್ಮನೆ ನಿಂತ ಪತ್ರವನ್ನು ಓದಲು ಏನೂ ಅಡ್ಡಿಯಿಲ್ಲ. ಆದರೆ ಉದ್ದದ ಪುಟವನ್ನು ಸರಸರನೆ ಉರುಳಿಸಿದಾಗ ಸಾಲುಗಳು ಒಂದು ಕ್ಷಣ ಕಲಸಿಹೋಗಿ ಆಮೇಲೆ ಸ್ಪಷ್ಟವಾಗುತ್ತವೆ, ಮೌಸ್ ಬಾಣ ಕೈಗಿಂತ ಅರೆಹೆಜ್ಜೆ ಹಿಂದೆ ಬರುತ್ತದೆ. ಡ್ರೈವರ್ ಏಳುವವರೆಗೆ ಆ ಪರದೆಯಲ್ಲಿ ಏನೂ ಕಾಣದ ಕಾರಣ ಬಯಾಸ್ ನೋಡಲೂ ಅದು ಉಪಯೋಗಕ್ಕೆ ಬಾರದು.

ನನಗೆ ಹೊಳೆಯುವ ದಾರಿ ಇದಕ್ಕೆ ತಿರುಗುಮುರುಗು: ಯುಎಸ್‌ಬಿಗೆ ಕಳಿಸಬೇಕಾದದ್ದು ಪರದೆಯನ್ನಲ್ಲ, ನೆಟ್‌ವರ್ಕನ್ನು. ಯುಎಸ್‌ಬಿ 3.0ರ ವೇಗ 5 ಗಿಗಾಬಿಟ್ ಇರುವಾಗ 1 ಗಿಗಾಬಿಟ್‌ನ ನೆಟ್‌ವರ್ಕ್ ಅಡಾಪ್ಟರ್ ಅಲ್ಲಿ ನೆಮ್ಮದಿಯಾಗಿ ಓಡುತ್ತದೆ. ಹೀಗೆ ತೆರವಾದ ಎಕ್ಸ್1 ಸ್ಲಾಟ್‌ಗೆ, ಆ ಅಳತೆಗೆಂದೇ ಮಾಡಿದ ಅರ್ಧ ಎತ್ತರದ ಗ್ರಾಫಿಕ್ಸ್ ಕಾರ್ಡನ್ನು ಹಾಕಬಹುದು. ಚಿತ್ರ ರೂಪುಗೊಳ್ಳುವುದು ಕಾರ್ಡಿನದೇ ಮೆಮೊರಿಯಲ್ಲಾದ್ದರಿಂದ, ಸ್ಲಾಟ್ ಕಿರಿದೆಂಬ ಕೊರತೆ ಅಕ್ಷರ ಮತ್ತು ಪುಟಗಳ ಕೆಲಸದಲ್ಲಿ ಗೊತ್ತಾಗುವುದೇ ಇಲ್ಲ. ದೊಡ್ಡ ಸ್ಲಾಟ್ 75 ವ್ಯಾಟ್‌ವರೆಗೆ ಕೊಟ್ಟರೆ ಇದು ಹೆಚ್ಚೆಂದರೆ 25 ವ್ಯಾಟ್ ಕೊಡುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ. ದೊಡ್ಡ ಕಾರ್ಡ್ ಕೂರಲೆಂದು ಸ್ಲಾಟಿನ ತುದಿಯ ಪ್ಲಾಸ್ಟಿಕ್ಕನ್ನು ಕೊಯ್ಯುವವರೂ ಇದ್ದಾರೆ. ಕೈ ಜಾರಿದರೆ ಮದರ್‌ಬೋರ್ಡ್ ಹೋಗುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಬಯಾಸ್‌ನ ಆಯ್ಕೆ ಸಿಕ್ಕಿತು, ಮೂರನೆಯ ಮಾನಿಟರ್ ಬೆಳಗಿತು. ಆದರೆ ಕಂಪ್ಯೂಟರ್ ಶುರುವಾಗುವಾಗಿನ ಪರದೆ ಮೂಲೆಯಲ್ಲಿರುವ ಆ ಮಾನಿಟರಿಗೇ ಹೋಗತೊಡಗಿತ್ತು. ಬಯಾಸ್‌ನಲ್ಲಿ ಪ್ರಧಾನ ಪ್ರದರ್ಶಕವನ್ನು ಎಕ್ಸ್16 ಸ್ಲಾಟ್‌ಗೆ ನಿಗದಿಪಡಿಸಿದ ಮೇಲೆ ಸರಿಹೋಯಿತು. ಕಾರ್ಡಿನ ಮಿತಿ ಮೂರು ಎಂದು ವಿವರಪುಟದಲ್ಲಿ ಕಂಡದ್ದರಿಂದ ಎಂಎಸ್‌ಟಿ ಹಬ್ ತರಿಸಿದೆ, ನಾಲ್ಕನೆಯದೂ ಬಂತು. ನೆಟ್‌ವರ್ಕ್ ಕಾರ್ಡನ್ನು ಮುಟ್ಟಲಿಲ್ಲ.

ಒಂದು ಕಿರಿಕಿರಿ ಉಳಿದಿದೆ. ಊಟ ಮುಗಿಸಿ ಬಂದು ಮಾನಿಟರ್‌ಗಳನ್ನು ಎಬ್ಬಿಸಿದರೆ, ಹಬ್‌ಗೆ ಜೋಡಿಸಿದ ಎರಡರಲ್ಲಿದ್ದ ಕಿಟಕಿಗಳೆಲ್ಲ ಮೊದಲನೆಯ ಪರದೆಯಲ್ಲಿ ರಾಶಿ ಬಿದ್ದಿರುತ್ತವೆ.

ಎರಡನೆಯ ಉತ್ತರ ಬರೆದವರು

ಡಿಸ್‌ಪ್ಲೇಪೋರ್ಟ್‌ನ ಎಷ್ಟೋ ಮಾನಿಟರ್‌ಗಳು ಮಲಗಿದಾಗ ಕೇಬಲ್ ಕಿತ್ತಂತೆಯೇ ಕಂಪ್ಯೂಟರಿಗೆ ಭಾಸವಾಗುತ್ತದೆ, ಆದ್ದರಿಂದ ಅದು ಕಿಟಕಿಗಳನ್ನು ಉಳಿದ ಪರದೆಗೆ ಸಾಗಿಸುತ್ತದೆ. ನಿಮ್ಮದು ವಿಂಡೋಸ್ 11 ಆಗಿದ್ದರೆ ಡಿಸ್‌ಪ್ಲೇ ಸೆಟ್ಟಿಂಗ್‌ನ ‘ಮಲ್ಟಿಪಲ್ ಡಿಸ್‌ಪ್ಲೇಸ್’ ಭಾಗದಲ್ಲಿ, ಮಾನಿಟರ್ ಸಂಪರ್ಕಕ್ಕೆ ತಕ್ಕಂತೆ ಕಿಟಕಿಗಳ ಸ್ಥಾನವನ್ನು ನೆನಪಿಟ್ಟುಕೊಳ್ಳುವ ಆಯ್ಕೆಗೆ ಗುರುತು ಹಾಕಿ. ಅದರಿಂದಲೂ ಆಗದಿದ್ದರೆ ಮಾನಿಟರಿನದೇ ಮೆನುವಿನಲ್ಲಿ ಗಾಢನಿದ್ರೆಯ ಆಯ್ಕೆ ಇದೆಯೇ ನೋಡಿ, ಇದ್ದರೆ ಅದನ್ನು ನಿಷ್ಕ್ರಿಯಗೊಳಿಸಿ.